ದೇವರೆತ್ತು ಹತ್ತಿದ ಪಿಕಪ್

ಕಾಟಮ್ಮ ಠಾಣೆಗೆ ಬಂದದ್ದು 2025ರ ಫೆಬ್ರವರಿ 24ರ ಸೋಮವಾರ, ಬೆಳಿಗ್ಗೆ ಹತ್ತೂವರೆಗೆ. ಕುರ್ಚಿ ತೋರಿಸಿದರು, ಕೂರಲಿಲ್ಲ. ಅರ್ಜಿ ಎಲ್ಲಿ ಎಂದು ಕೇಳಿದರು, ಅರ್ಜಿ ಇರಲಿಲ್ಲ. “ನಾನು ಹೇಳ್ತೀನಿ, ನೀವು ಬರ್ಕಳ್ರಿ” ಎಂದು ಮೇಜಿನ ಅಂಚು ಹಿಡಿದು ನಿಂತಳು.

ವೃತ್ತ ನಿರೀಕ್ಷಕ ಓಬಳೇಶ್ ಅಂದು ಹಳೆಯ ಕಡತಗಳ ಪರಿಶೀಲನೆಗೆಂದು ಅದೇ ಠಾಣೆಯಲ್ಲಿದ್ದರು. ಹೆಡ್ ಕಾನ್‌ಸ್ಟೆಬಲ್ ನಿರ್ಮಲಾ ಆಕೆಯನ್ನು ಅವರ ಮುಂದೆ ಕರೆತಂದು, “ಹದಿನೈದನೇ ತಾರೀಕಿನ ಪಿಕಪ್ ಆಕ್ಸಿಡೆಂಟ್ ಸಾರ್. ಡ್ರೈವರ್ ಮಾರುತೇಶನ ತಾಯಿ” ಎಂದರು.

ಓಬಳೇಶರಿಗೆ ಪ್ರಕರಣ ನೆನಪಿತ್ತು. ಅಂದು ಶನಿವಾರ. ವರವು ಕಾವಲು ಎಂಬ ಹುಲ್ಲುಗಾವಲಿನ ಅಂಚಿನ ಹಟ್ಟಿಯಿಂದ ಬಳ್ಳಾರಿ ಕಡೆಗೆ ಹೊರಟಿದ್ದ ಪಿಕಪ್ ರಾಂಪುರಕ್ಕಿಂತ ಸ್ವಲ್ಪ ಹಿಂದೆ, ತಿರುವಿನಲ್ಲಿ, ಮೋರಿ ಕಟ್ಟೆಗೆ ಗುದ್ದಿ ಹಳ್ಳಕ್ಕೆ ಉರುಳಿತ್ತು. ಚಾಲಕ ಮಾರುತೇಶ, ಹಿಂದೆ ಎತ್ತಿನ ಹಗ್ಗ ಹಿಡಿದು ನಿಂತಿದ್ದ ವೃದ್ಧ ದೊಡ್ಡೀರಪ್ಪ, ಆ ಎತ್ತು, ಮೂರೂ ಜೀವ ಹೋಗಿದ್ದವು. ಎತ್ತನ್ನು ಮನುಷ್ಯರ ಸಾಲಿಗೆ ಸೇರಿಸಿ ಎಣಿಸಬೇಕಾದದ್ದು ಏಕೆಂದರೆ ಅದು ದೇವರೆತ್ತು. ಆ ಕಡೆಯ ಹಟ್ಟಿಗಳಲ್ಲಿ ದೇವರಿಗೆ ಬಿಟ್ಟ ದನಗಳಿವೆ. ಅವನ್ನು ನೇಗಿಲಿಗೆ ಹೂಡುವುದಿಲ್ಲ, ಮಾರುವುದಿಲ್ಲ. ಕಾಯುವವನಿಗೆ ಕಿಲಾರಿ ಎಂದು ಹೆಸರು. ದೊಡ್ಡೀರಪ್ಪ ಆ ಹಟ್ಟಿಯ ಕಿಲಾರಿ.

ಎಫ್‌ಐಆರ್‌ನಲ್ಲಿ ಆರೋಪಿ ಮಾರುತೇಶ. ನಿದ್ದೆಗಣ್ಣಿನಲ್ಲಿ, ಅತಿವೇಗ ಮತ್ತು ಅಜಾಗರೂಕತೆಯಿಂದ ವಾಹನ ಚಾಲನೆ. ಆರೋಪಿ ಮೃತನಾದ್ದರಿಂದ ಪ್ರಕರಣ ಮುಕ್ತಾಯದ ಹಂತದಲ್ಲಿತ್ತು. ಸತ್ತವನ ಮೇಲೆ ಕೇಸು ಹಾಕುವಷ್ಟು ಸಲೀಸಾದ ಕೆಲಸ ಇಲಾಖೆಯಲ್ಲಿ ಇನ್ನೊಂದಿಲ್ಲ. ಅವನು ಜಾಮೀನು ಕೇಳುವುದಿಲ್ಲ, ವಕೀಲರನ್ನೂ ಕರೆತರುವುದಿಲ್ಲ.

“ನನ್ನ ಮಗ ನಿದ್ದೆ ಮಾಡಿರ್ಲಿಲ್ಲ” ಎಂದಳು ಕಾಟಮ್ಮ.

“ನಿನಗೆ ಹೆಂಗೆ ಗೊತ್ತವ್ವ?”

“ಮೋರಿ ಹತ್ರ ಹೋಗಿ ಕೇಳ್ಕಂಡು ಬಂದೀನಿ. ಅಲ್ಲಿ ಕುರಿ ಬಿಟ್ಕಂಡಿದ್ದೋನು ನೋಡ್ಯಾನೆ. ನಿಮ್ಮೋರು ಅವನನ್ನ ಕೇಳೇ ಇಲ್ಲ.”

ಓಬಳೇಶ್ ನಿರ್ಮಲಾ ಕಡೆ ನೋಡಿದರು. ನಿರ್ಮಲಾ ಕಡತದ ಕಡೆ ನೋಡಿದರು.

“ಈಗ ಏನಾಗಬೇಕು ಹೇಳು.”

“ಹಟ್ಟಿಯಾಗೆ ನನ್ನನ್ನ ಯಾರೂ ಮಾತಾಡ್ಸಲ್ಲ ಸ್ವಾಮಿ. ನಲ್ಲಿ ಹತ್ರ ಕೊಡ ಇಟ್ರೆ ಪಕ್ಕದ ಕೊಡ ಎತ್ಕಂತಾರೆ. ದೇವರೆತ್ತನ್ನೂ ಕಿಲಾರೀನೂ ತಿಂದ್ಕಂಡೋನ ಅವ್ವ ಅಂತಾರೆ. ಮಗನ ಮೂರನೇ ದಿನಕ್ಕೆ ಹಾಲು ಬಿಡೋಕೆ ನಾನೊಬ್ಳೇ ಹೋಗಿದ್ದೆ.” ಆಕೆ ಅಳಲಿಲ್ಲ. “ಹೋದ ಜೀವ ಬರಲ್ಲ, ಗೊತ್ತೈತೆ. ಅವನ ಹೆಸರು ವಾಪಸ್ ಕೊಡ್ರಿ.”

ಓಬಳೇಶ್ ಆಕೆಯ ಹೇಳಿಕೆ ಬರೆಸಿಕೊಂಡು ಹೆಬ್ಬೆಟ್ಟು ಒತ್ತಿಸಿದರು. ಮುಚ್ಚಬೇಕಿದ್ದ ಕಡತ ಹಾಗೆ ಮತ್ತೆ ತೆರೆಯಿತು.

ಅಂದೇ ಮಧ್ಯಾಹ್ನ ಮೋರಿಯ ಬಳಿ ಕುರಿಗಾಹಿ ಸಿಕ್ಕ. ಅರ್ಧ ಕನ್ನಡ, ಅರ್ಧ ತೆಲುಗಿನ ಮನುಷ್ಯ. ಕಾನ್‌ಸ್ಟೆಬಲ್ ನಾಗರಾಜ ಅವನನ್ನು ಕಲ್ಲಿನ ಮೇಲೆ ಕೂರಿಸಿ ಕೇಳಿದ.

“ಗಾಡಿ ಜೋರಾಗಿ ಬಂತಾ?”

“ಜೋರೇನಿಲ್ಲಪ್ಪ. ಸದ್ದೇ ಇಲ್ಲ. ಇಂಜಿನ್ ಆಫ್ ಆದಂಗೆ, ಸುಮ್ಮನೆ ಉರುಳ್ಕಂಡು ಬಂತು.”

“ಡ್ರೈವರ್ ನಿದ್ದೆ ಮಾಡ್ತಿದ್ನಾ?”

“ನಿದ್ದೆನಾ? ಅಯ್ಯೋ ರಾಮ. ಎರಡೂ ಕೈಯಾಗೆ ಸ್ಟೀರಿಂಗ್ ಹಿಡ್ಕಂಡು ಎಳೀತಿದ್ದ, ಎದ್ದು ನಿಂತಂಗೆ. ಹಾರ್ನ್ ಬ್ಯಾರೆ ಬಿಡದಂಗೆ ಹೊಡೀತಿದ್ದ. ನನ್ನ ಕುರಿ ಅದಕ್ಕೇ ಸರಿದ್ವು.”

ನಿದ್ದೆ ಮಾಡುವವನು ಹಾರ್ನ್ ಹೊಡೆಯುವುದಿಲ್ಲ. ಇಷ್ಟು ಸಣ್ಣ ಮಾತನ್ನು ತಿಳಿಯಲು ಒಬ್ಬ ತಾಯಿ ಬಿಸಿಲಲ್ಲಿ ನಡೆದುಬರಬೇಕಾಯಿತಲ್ಲ ಎಂದು ಓಬಳೇಶರಿಗೆ ನಾಚಿಕೆಯಾಯಿತು. ಸ್ಥಳದಲ್ಲೇ ಹೇಳಿಕೆ ಬರೆಸಿ, ಹೊಸದಾಗಿ ಮಹಜರು ಮಾಡಿಸಿದರು.

ಜಜ್ಜಿಹೋದ ಪಿಕಪ್ ಠಾಣೆಯ ಹಿಂದೆ ಜಾಲಿಮರದ ಕೆಳಗೆ ಬಿದ್ದಿತ್ತು. ಬ್ರೇಕ್, ಸ್ಟೀರಿಂಗ್, ಟೈರುಗಳಲ್ಲಿ ದೋಷವಿಲ್ಲ ಎಂಬ ತಪಾಸಣಾ ವರದಿ ಆಗಲೇ ಬಂದಿತ್ತು. ಅದು ಸುಳ್ಳಲ್ಲ, ಅವೆಲ್ಲ ಸರಿಯಾಗಿಯೇ ಇದ್ದವು. ಆದರೆ ಓಡುವ ಇಂಜಿನ್ ಏಕೆ ನಿಂತಿತು ಎಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮಾರನೆಯ ದಿನ, 25ರಂದು, ಓಬಳೇಶ್ ಚಿತ್ರದುರ್ಗದಿಂದ ಕೃಷ್ಣಮೂರ್ತಿ ಎಂಬ ಸರ್ವಿಸ್ ಇಂಜಿನಿಯರನ್ನು ಕರೆಸಿದರು. ಪಂಚರ ಸಮಕ್ಷಮದಲ್ಲಿ ಬಾನೆಟ್ ಬಿಚ್ಚಿದರು.

ಕೃಷ್ಣಮೂರ್ತಿ ಬಹಳ ಹೊತ್ತು ತಲೆ ಒಳಗಿಟ್ಟುಕೊಂಡೇ ಇದ್ದರು. ಕೊನೆಗೆ ಅಂಗೈ ಅಗಲದ ಒಂದು ಅಲ್ಯೂಮಿನಿಯಂ ಪೆಟ್ಟಿಗೆಯನ್ನು ತೋರಿಸಿದರು.

“ಇದು ಇಸಿಎಂ ಸಾರ್. ಇಂಜಿನ್ನಿಗೆ ಡೀಸೆಲ್ ಎಷ್ಟು, ಯಾವಾಗ ಅಂತ ಹೇಳೋದು ಇದೇ. ಇದಕ್ಕೆ ಬರೋ ವೈರುಗಳೆಲ್ಲ ಈ ಕನೆಕ್ಟರ್‌ನಲ್ಲಿ ಸೇರ್ತವೆ. ಒಂದೊಂದು ವೈರಿಗೂ ಒಂದು ಪಿನ್, ಒಂದೊಂದು ಪಿನ್ನಿಗೂ ಒಂದು ನಂಬರ್. ಯಾವ ನಂಬರಿಗೆ ಯಾವ ವೈರು ಅನ್ನೋ ನಕ್ಷೆಗೆ ಪಿನ್‌ಔಟ್ ಅಂತೀವಿ.”

“ಇಲ್ಲಿ ಏನಾಗಿದೆ?”

“ಒಂದು ಪಿನ್ ಹಿಂದಕ್ಕೆ ಸರಿದಿದೆ. ತಾಗಿಯೂ ತಾಗದ ಹಾಗೆ ಕೂತಿದೆ.”

“ಗುದ್ದಿದ ಏಟಿಗೆ ಸರಿದಿರಬಹುದಲ್ಲ?”

“ಏಟಿಗೆ ವೈರ್ ಹರಿಯುತ್ತೆ, ಕನೆಕ್ಟರ್ ಒಡೆಯುತ್ತೆ. ಪಿನ್ನುಗಳನ್ನು ಹಿಡಿದಿಡೋ ಈ ಲಾಕ್ ಮಾತ್ರ ತಾನಾಗಿ ಬಿಚ್ಚಿಕೊಳ್ಳಲ್ಲ. ಸಣ್ಣ ಮುಳ್ಳಿನಂಥ ಟೂಲ್ ಹಾಕಿ ಬಿಚ್ಚಬೇಕು. ಒಂದು ಕಡೆ ಗೀರೂ ಇದೆ ನೋಡಿ.”

ನಿರ್ಮಲಾ ಮೊಬೈಲಿನಲ್ಲಿ ಚಿತ್ರ ತೆಗೆದರು. ನಾಗರಾಜ ಪಂಚನಾಮೆ ಬರೆಯತೊಡಗಿದ.

“ಈ ಪಿನ್ ಯಾವುದು?” ಓಬಳೇಶ್ ಕೇಳಿದರು.

“ಪೆಟ್ಟಿಗೆಗೆ ಕರೆಂಟ್ ಕೊಡೋ ಪಿನ್. ಸಡಿಲ ಇದ್ದರೂ ಸ್ಟಾರ್ಟ್ ಆಗುತ್ತೆ, ದಾರಿಯಲ್ಲಿ ಅದುರಿ ಬಿಟ್ಟುಹೋದರೆ ಇಂಜಿನ್ ಅಲ್ಲೇ ಬಂದ್. ಸ್ಟೀರಿಂಗ್ ಕಲ್ಲಿನ ಹಾಗಾಗುತ್ತೆ, ಬ್ರೇಕೂ ಗಟ್ಟಿ. ಹಾರ್ನ್ ಮಾತ್ರ ನೇರ ಬ್ಯಾಟರಿಯದು, ಅದು ಹೊಡ್ಕೊಳ್ಳುತ್ತೆ.” ಕೃಷ್ಣಮೂರ್ತಿ ಕೈ ಒರೆಸಿಕೊಂಡರು. “ನನಗೆ ಒಂದು ಅರ್ಥ ಆಗ್ತಿಲ್ಲ ಸಾರ್. ಕೊಲ್ಲಬೇಕು ಅಂತ ಇದ್ದೋನು ಈ ಕೆಲಸ ಮಾಡಲ್ಲ. ಬ್ರೇಕ್ ಪೈಪ್ ಕುಯ್ದರೆ ಮುಗೀತು. ಇದೇ ಗಾಡಿಯ ಹಳೇ ಮಾಡೆಲ್ ಒಂದಿತ್ತು. ಅದರಲ್ಲಿ ಇದೇ ನಂಬರಿನ ಪಿನ್ ಸೆಲ್ಫಿನದು. ಅದನ್ನು ಎಳೆದರೆ ಗಾಡಿ ಸ್ಟಾರ್ಟೇ ಆಗಲ್ಲ. ಹೊಸ ಇಂಜಿನ್ ಬಂದಾಗ ಕನೆಕ್ಟರಿನ ಆಕಾರ ಅದೇ ಉಳೀತು, ಒಳಗಿನ ನಂಬರುಗಳು ಬದಲಾದವು.”

“ಅಂದರೆ ಹಳೇ ನಕ್ಷೆ ನೋಡಿಕೊಂಡು ಹೊಸ ಗಾಡಿಗೆ ಕೈ ಹಾಕಿದ್ದಾನೆ.”

“ಹೌದು. ಗಾಡಿ ಬೆಳಿಗ್ಗೆ ಹೊರಡಬಾರದು, ಅಷ್ಟೇ ಬೇಕಿತ್ತು ಅನ್ಸುತ್ತೆ ಅವನಿಗೆ.”

ಓಬಳೇಶ್ ಕೃಷ್ಣಮೂರ್ತಿಯವರ ಹೇಳಿಕೆ ಬರೆಸಿಕೊಂಡರು. ಕೊಲೆಗಾರನನ್ನು ಹುಡುಕುವುದು ಅವರಿಗೆ ಹೊಸದಲ್ಲ. ಗಾಡಿ ನಿಲ್ಲಿಸಲು ಹೋಗಿ ಎರಡು ಹೆಣ ಬೀಳಿಸಿದವನನ್ನು ಹುಡುಕುವುದು ಬೇರೆ ಥರದ ಕೆಲಸ, ಅದು ಅವರಿಗೆ ಇಷ್ಟವಾಗಲಿಲ್ಲ.

ಪಿಕಪ್ಪಿನ ಮಾಲೀಕ ಮುರುಗೇಂದ್ರಪ್ಪ, ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ ಇಟ್ಟವರು. ಹಣೆ ತುಂಬ ವಿಭೂತಿ, ಮಾತು ಮೆಲ್ಲಗೆ. 26ರ ಬೆಳಿಗ್ಗೆ ಪೊಲೀಸರು ಹೋದಾಗ ಮಿಲ್ಲಿನ ಅಂಗಳದಲ್ಲಿ ಶೇಂಗಾ ಹಿಂಡಿಯ ವಾಸನೆ ಗಂಟಲಿಗೆ ಹತ್ತುವಂತಿತ್ತು.

“ಗಾಡಿ ನೀವ್ಯಾಕೆ ಕೊಟ್ಟಿರಿ?”

“ಹಟ್ಟಿಯವರು ಕೇಳಿದ್ರು, ಕೊಟ್ಟೆ. ಕಾವಲಿಗೆ ಬೇಲಿ ಆದ ಮೇಲೆ ಮೇವಿಗೆ ತತ್ವಾರ. ದನಗಳನ್ನ ಬಳ್ಳಾರಿ ಕಡೆ ಒಂದು ಗೋಶಾಲೆಗೆ ಬಿಡೋದು ಅಂತ ತೀರ್ಮಾನ ಮಾಡಿದ್ರು. ಉಳಿದವನ್ನ ಹೊಡ್ಕಂಡು ಹೋಗಿದ್ರು. ದೊಡ್ಡ ಎತ್ತಿಗೆ ಕಾಲು ನೋವಿತ್ತು, ನಡೆಯೋಕಾಗಲ್ಲ. ದೇವರ ಕೆಲಸ, ಬಾಡಿಗೆ ಬ್ಯಾಡ ಅಂದಿದ್ದೆ.”

“ಶುಕ್ರವಾರ ಸಂಜೆ ಗಾಡಿ ಎಲ್ಲಿತ್ತು?”

“ಇಲ್ಲೇ ಶೆಡ್ಡಿನಾಗೆ. ಮಾರುತೇಶ ತೊಳೆದು, ಹಿಂದೆ ಹಸಿ ಹುಲ್ಲು ಹಾಸಿ, ಬೇವಿನ ಸೊಪ್ಪು ಕಟ್ಟಿ, ಅರಿಶಿಣ ಕುಂಕುಮ ಹಚ್ಚಿ ಹೋದ. ಕೀಲಿ ಅವನ ಹತ್ರಾನೇ ಇತ್ತು.”

“ಆಮೇಲೆ ಯಾರು ಬಂದಿದ್ದರು?”

ಮುರುಗೇಂದ್ರಪ್ಪ ಕಾವಲುಗಾರ ಜೋಗಪ್ಪನನ್ನು ಕರೆದರು. ಜೋಗಪ್ಪ ಪೊಲೀಸರ ಮುಂದೆ ನಿಂತವನೇ ತನ್ನದಲ್ಲದ ತಪ್ಪಿಗೂ ಕೈ ಮುಗಿದ.

“ಯಾರೂ ಬಂದಿಲ್ಲ ಸಾರ್. ಹೊತ್ತು ಮುಳುಗೋ ಮುಂದೆ ನಾನು ಟೀ ಕುಡಿಯೋಕೆ ಹೋಗಿದ್ದೆ, ಬಂದೆ.”

“ಬಂದಾಗ ಏನು ಕಂಡೆ?”

“ಏನೂ ಇಲ್ಲ. ಗೇಟಿನ ಹತ್ರ ಒಂದು ಜೊತೆ ಚಪ್ಪಲಿ ಇದ್ವು. ಮಾರುತೇಶ ಪೂಜೆಗೆ ಏನೋ ಮರೆತು ಬಂದವ್ನೆ ಅಂತ ಸುಮ್ಮನಾದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದ್ರೆ ಇರ್ಲಿಲ್ಲ.”

“ಮಾರುತೇಶನ ಚಪ್ಪಲಿಯಾ?”

ಜೋಗಪ್ಪ ಯೋಚಿಸಿದ. “ಅವನು ಶೂ ಹಾಕೋನು ಸಾರ್.”

ಗೇಟಿನಿಂದ ಶೆಡ್ಡಿಗೆ ಉದ್ದಕ್ಕೂ ಜಲ್ಲಿಕಲ್ಲು, ತುಕ್ಕು ಹಿಡಿದ ಮೊಳೆ, ಒಡೆದ ಡಬ್ಬಿ. ಓಬಳೇಶ್ ಅದನ್ನೆಲ್ಲ ನೋಡುತ್ತ, “ಕಳ್ಳ ಕೆಲಸಕ್ಕೆ ಬಂದೋನು ಚಪ್ಪಲಿ ಬಿಟ್ಟು ಈ ಕಲ್ಲಿನ ಮೇಲೆ ಯಾಕೆ ನಡೀತಾನೆ? ಸದ್ದಾಗಬಾರದು ಅಂತಲಾ?” ಎಂದರು.

ನಾಗರಾಜ ಹಿಂದೆ ನಿಂತಿದ್ದ. ಅವನೂ ಕಾವಲಿನ ಕಡೆಯ ಹಟ್ಟಿಯವನೇ. “ಸದ್ದಿಗಲ್ಲ ಸಾರ್” ಎಂದ. “ಗಾಡಿಗೆ ಬೇವು ಕಟ್ಟಿ, ಹುಲ್ಲು ಹಾಸಿದ ಮೇಲೆ ಅದು ದೇವರೆತ್ತಿನ ಜಾಗ ಆತು. ಎತ್ತು ಹತ್ತಿರಲಿ, ಬಿಡಲಿ. ನಮ್ಮೋರು ಚಪ್ಪಲಿ ಹಾಕ್ಕೊಂಡು ಅದರ ಹತ್ರ ಹೋಗಲ್ಲ. ಯೋಚನೆ ಮಾಡಿ ಬಿಡೋದಲ್ಲ, ಕಾಲು ತಾನೇ ಬಿಡ್ತೈತೆ. ಬ್ಯಾರೆಯೋರು ಆಗಿದ್ರೆ ಬಿಡ್ತಿರ್ಲಿಲ್ಲ.”

ದೇವರ ಗಾಡಿ ಎಂದು ಚಪ್ಪಲಿ ಬಿಟ್ಟವನು, ಅದೇ ಗಾಡಿಯ ವೈರು ಎಳೆದಿದ್ದ. ನಗಬೇಕೋ ಅಳಬೇಕೋ ತಿಳಿಯದ ಸಂಗತಿಗಳು ಪೊಲೀಸರ ಪಾಲಿಗೆ ಆಗಾಗ ಬರುತ್ತವೆ.

“ನಿಮ್ಮ ಹಟ್ಟಿಗಳ ಕಡೆಯವರು ಯಾರಾದರೂ ಚಳ್ಳಕೆರೆಯಲ್ಲಿ ಗಾಡಿ ವೈರಿಂಗ್ ಕೆಲಸ ಮಾಡ್ತಾರಾ?” ಓಬಳೇಶ್ ಕೇಳಿದರು.

ನಾಗರಾಜನಿಗಿಂತ ಮೊದಲು ಮುರುಗೇಂದ್ರಪ್ಪನವರೇ ಮೆಲ್ಲಗೆ ಹೇಳಿದರು. “ಒಬ್ಬನೇ ಇರೋದು. ಅಂಜನ್. ದೊಡ್ಡೀರಪ್ಪನ ಮಗ.”

ತಂದೆಯ ಶವ ಪಂಚನಾಮೆಗೆ ಸಹಿ ಹಾಕಿದ್ದವನು ಅದೇ ಅಂಜನ್. ಸಹಿ ಹಾಕುವಾಗ ಪೆನ್ನು ಕೈಜಾರಿ ಬಿದ್ದಿತ್ತು. ನಿರ್ಮಲಾ ಅದನ್ನು ಎತ್ತಿಕೊಟ್ಟಿದ್ದರು, ಪಾಪ ಎಂದುಕೊಂಡಿದ್ದರು. ಮಾರುತೇಶನೂ ಅವನೂ ಒಂದೇ ಶಾಲೆಗೆ ಹೋದವರು.

ಸಂಜೆಯೊಳಗೆ ಮಾರುತೇಶನ ಮೊಬೈಲಿನ ಕರೆಗಳ ವಿವರ ಬಂತು. ಅಪಘಾತಕ್ಕೆ ಮೊದಲಿನ ಸ್ವಲ್ಪ ಹೊತ್ತಿನಲ್ಲಿ ಅಂಜನ್‌ನ ನಂಬರಿನಿಂದ ಮೇಲಿಂದ ಮೇಲೆ ಕರೆ ಬಂದಿದ್ದವು. ಮಾರುತೇಶ ಒಂದನ್ನೂ ಎತ್ತಿರಲಿಲ್ಲ.

27ರ ಬೆಳಿಗ್ಗೆ ಹನ್ನೊಂದಕ್ಕೆ ಪೊಲೀಸರು ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿದ್ದ ಅಂಜನ್‌ನ ಅಂಗಡಿಗೆ ಹೋದರು. ಅಂಜನ್ ಒಂದು ಆಟೊದ ಹೆಡ್‌ಲೈಟ್ ಬಿಚ್ಚುತ್ತಿದ್ದ. ತಂದೆಯ ಸಾವಿಗೆ ಬೋಳಿಸಿದ್ದ ತಲೆಯಲ್ಲಿ ಕೂದಲು ಚಿಗುರತೊಡಗಿತ್ತು. ಜೀಪು ಕಂಡು ಎದ್ದು ನಿಂತ, ಓಡಲಿಲ್ಲ.

“ಅವತ್ತು ಮಾರುತೇಶನಿಗೆ ಅಷ್ಟು ಸಲ ಯಾಕೆ ಫೋನ್ ಮಾಡಿದೆ?”

“ಎತ್ತು ಹತ್ತಿಸಿದ್ನಾ ಅಂತ ಕೇಳೋಕೆ.”

“ಹಿಂದಿನ ದಿನ ಸಂಜೆ ಮಿಲ್ಲಿಗೆ ಹೋಗಿದ್ದೆಯಾ?”

“ಇಲ್ಲ ಸಾರ್.”

“ಮೊಬೈಲ್ ಕೊಡು.”

ಕೊಟ್ಟ. ನಿರ್ಮಲಾ ಅವನ ಎದುರೇ ಹುಡುಕಿದರು. ಹಳೇ ಮಾಡೆಲಿನ ನಕ್ಷೆ ಅದರಲ್ಲಿತ್ತು. ಆಟೊ ಎಲೆಕ್ಟ್ರಿಷಿಯನ್ನನ ಫೋನಿನಲ್ಲಿ ಅಂಥ ನಕ್ಷೆ ಇರುವುದು ಅಪರಾಧವೇನಲ್ಲ. ಓಬಳೇಶರಿಗೂ ಅದು ಗೊತ್ತಿತ್ತು. ಅವರು ದನಿ ಏರಿಸಲಿಲ್ಲ.

“ಅಂಜನ್, ಅದು ಹಳೇ ಗಾಡಿಯ ನಕ್ಷೆ ಕಣಪ್ಪ. ಹೊಸದರಲ್ಲಿ ಆ ನಂಬರು ಸೆಲ್ಫಿನದಲ್ಲ. ಇಸಿಎಂಗೆ ಕರೆಂಟ್ ಕೊಡೋದು.”

ಅಂಜನ್ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಆಟೊದ ಸೀಟಿನ ಮೇಲಿಟ್ಟ. ಇಷ್ಟು ದಿನ, ಬಹುಶಃ ಬೇರೇನೋ ಆಗಿ ಗಾಡಿ ಬಿದ್ದಿರಬಹುದು ಎಂಬ ಒಂದು ಎಳೆ ನಂಬಿಕೆ ಅವನಲ್ಲಿ ಉಳಿದಿತ್ತು. ಅದೂ ಹೋಯಿತು.

“ಹಂಗಾದ್ರೆ ನನ್ನಿಂದಾನೇ” ಎಂದ. ಆಮೇಲೆ ನೆಲದ ಮೇಲೆ ಕೂತುಬಿಟ್ಟ.

ಪಿನ್ ಬಿಡಿಸುವ ಸಣ್ಣ ಟೂಲನ್ನು ಅವನೇ ತೆಗೆದುಕೊಟ್ಟ. ಪಂಚರನ್ನು ಕರೆಸಿ ಜಪ್ತಿ ಪಂಚನಾಮೆ ಮಾಡಿದರು. ಠಾಣೆಯಲ್ಲಿ ಅವನು ಹೇಳಿದ್ದು ಹೆಚ್ಚೇನಿಲ್ಲ.

“ಬಾನೆಟ್ ಹೆಂಗೆ ತೆಗೆದೆ? ಕೀಲಿ ಇರಲಿಲ್ಲವಲ್ಲ?”

“ಜಾಲರಿ ಸಂದಿಯಾಗೆ ಕೈ ಹಾಕಿ ಕೇಬಲ್ ಎಳೆದ್ರೆ ಬರ್ತೈತೆ. ಕೀಲಿ ಇದ್ದಿದ್ರೆ ಸೆಲ್ಫ್ ಹೊಡೆದು ನೋಡ್ತಿದ್ದೆ ಸಾರ್. ಆಗ್ಲೇ ತಪ್ಪು ಗೊತ್ತಾಗ್ತಿತ್ತು.”

“ಯಾಕೆ ಮಾಡಿದೆ?”

“ಭಾನುವಾರ ನಮ್ಮ ದೇವರಿಗೆ ನಡ್ಕಳ್ಳೋ ಅಷ್ಟೂ ಹಟ್ಟಿಗಳ ಹಿರೇರು ಸೇರೋರಿದ್ರು. ಎತ್ತು ಕಳಿಸಬ್ಯಾಡ್ರಿ ಅಂತ ಅವರ ಕಾಲು ಹಿಡಿಯೋಣ ಅಂತಿದ್ದೆ. ಶನಿವಾರ ಒಂದು ದಿನ ಗಾಡಿ ನಿಂತಿದ್ರೆ ಸಾಕಿತ್ತು. ಸ್ಟಾರ್ಟ್ ಆಗ್ತಿಲ್ಲ ಅಂತ ಮಾರುತೇಶ ನನಗೇ ಫೋನ್ ಮಾಡ್ತಾನೆ, ಪಾರ್ಟು ದುರ್ಗದಿಂದ ಬರ್ಬೇಕು ಅಂತ ಹೇಳಿದ್ರಾತು ಅಂದ್ಕಂಡು ಕಾಯ್ತಾ ಕುಂತಿದ್ದೆ. ಫೋನ್ ಬರ್ಲಿಲ್ಲ. ಮಿಲ್ಲಿಗೆ ಹೋಗಿ ನೋಡ್ತೀನಿ, ಶೆಡ್ ಖಾಲಿ. ಆಗ್ಲಿಂದ ಫೋನ್ ಹಚ್ಚಿದೆ. ಗಾಡಿ ಓಡಿಸೋವಾಗ ಅವನು ಫೋನ್ ಎತ್ತಲ್ಲ, ಗೊತ್ತಿತ್ತು. ಆದ್ರೂ ಹಚ್ಚಿದೆ.”

“ಎತ್ತಿನ ಮೇಲೆ ಅಷ್ಟು ಭಕ್ತಿಯಾ?”

“ಎತ್ತಿಗಲ್ಲ ಸಾರ್, ಅಪ್ಪನಿಗೆ. ಹೋದ ವರ್ಷ ಈ ಮಾತು ಎದ್ದಾಗ, ಎತ್ತು ಹಟ್ಟಿ ದಾಟಿದ ದಿನ ನನ್ನ ಹೆಣಾನೂ ಎತ್ರಿ ಅಂದಿದ್ದ. ಸುಮ್ನೆ ಅಂದ ಮಾತಲ್ಲ ಅದು. ಅವ್ವ ಹೋದ ಮೇಲೆ ನನಗೆ ಅಂತ ಇದ್ದೋನು ಅವನೊಬ್ನೇ.”

ಓಬಳೇಶ್ ಕೇಳಿದರು. “ಮಾರುತೇಶನ ಹೆಸರು ಕೆಟ್ಟಿತು. ಅವರವ್ವನ್ನ ಹಟ್ಟಿಯವರು ದೂರ ಇಟ್ಟರು. ಆಗಲಾದರೂ ಬಾಯಿ ಬಿಡಬೇಕಿತ್ತಲ್ಲ?”

“ದಿನಾ ಹೇಳ್ಬೇಕು ಅಂತಾನೇ ಎದ್ದೇಳ್ತಿದ್ದೆ. ಹೇಳಿದ್ರೆ ಅಪ್ಪನ್ನ ಕೊಂದೋನು ನಾನು ಅಂತ ಆಗ್ತಿತ್ತು. ಬಾಯಿ ಬರ್ಲಿಲ್ಲ.”

ಪ್ರಕರಣದ ಕಲಂ ಬದಲಾಯಿತು. ಕೊಲೆಯಲ್ಲದ ಅಪರಾಧಿಕ ನರಹತ್ಯೆಯ ಅಡಿ ಅಂಜನ್ ಆರೋಪಿ. ಮಾರುತೇಶನ ಹೆಸರು ಮೃತರ ಸಾಲಿಗೆ ಬಂತು. ದಸ್ತಗಿರಿ ಆದದ್ದು ಮಧ್ಯಾಹ್ನ ಎರಡಕ್ಕೆ. ತಿಳಿಸಬೇಕಾದ ಸಂಬಂಧಿಕರು ಯಾರು ಎಂದು ನಾಗರಾಜ ಕೇಳಿದಾಗ ಅಂಜನ್ ಯಾರ ಹೆಸರನ್ನೂ ಹೇಳಲಿಲ್ಲ.

ಓಬಳೇಶ್ ಕಾಟಮ್ಮನನ್ನು ಕರೆಸಿದ್ದರು. ಹಟ್ಟಿಯ ಇಬ್ಬರು ಹಿರಿಯರನ್ನೂ ಕರೆಸಿ, ಅವರ ಎದುರಿಗೇ ಆಕೆಗೆ ಹೇಳಿದರು. “ನಿನ್ನ ಮಗ ನಿದ್ದೆ ಮಾಡಿರಲಿಲ್ಲವ್ವ. ಇಂಜಿನ್ ನಿಂತ ಗಾಡಿಯನ್ನು ಕೊನೆವರೆಗೂ ತಿರುಗಿಸೋಕೆ ನೋಡ್ಯಾನೆ.” ಹಿರಿಯರು ತಲೆ ತಗ್ಗಿಸಿದರು. ಒಬ್ಬ, “ತಪ್ಪಾತು ಕಾಟಮ್ಮ” ಎಂದ. ಆಕೆ ಅವನ ಕಡೆ ನೋಡಲಿಲ್ಲ.

ಹೊರಗೆ ಮೊಳಕಾಲ್ಮೂರಿನ ನ್ಯಾಯಾಲಯಕ್ಕೆ ಹೊರಟ ಜೀಪು ನಿಂತಿತ್ತು. ಅಂಜನ್ ಹತ್ತುವವನಿದ್ದ. ಕಾಟಮ್ಮ ನೇರ ಅವನ ಹತ್ತಿರ ಹೋದಳು. ನಿರ್ಮಲಾ ಅಡ್ಡ ಬರಲು ಹೋದರು, ಓಬಳೇಶ್ ಬೇಡವೆಂದು ಕಣ್ಣಲ್ಲೇ ತಡೆದರು.

“ದೊಡ್ಡವ್ವ...” ಎಂದ ಅಂಜನ್, ಗೆಳೆಯನ ತಾಯಿಯನ್ನು ಚಿಕ್ಕಂದಿನಿಂದ ಕರೆಯುತ್ತಿದ್ದ ಹಾಗೆಯೇ.

“ಯಾಕ್ ಮಾಡಿದ್ಯೋ?”

“ಅಪ್ಪ ಸಾಯ್ತೀನಿ ಅಂದಿದ್ದ ದೊಡ್ಡವ್ವ. ಎತ್ತು ಹೋದ್ರೆ ಸಾಯ್ತೀನಿ ಅಂದಿದ್ದ.”

ಕಾಟಮ್ಮ ಅವನನ್ನು ದಿಟ್ಟಿಸಿದಳು. ಆಕೆಯ ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚಿತ್ತು.

“ಅದು ಹೋದ ವರ್ಷದ ಮಾತು. ಈ ಸಲ ಎತ್ತು ಕಳಿಸ್ರಿ ಅಂತ ಹಿರೇರಿಗೆ ಹೇಳಿದ್ದೇ ನಿಮ್ಮಪ್ಪ. ಅದರ ಪಕ್ಕೆಲುಬು ನೋಡೋಕಾಗ್ತಿಲ್ಲ ಕಾಟಮ್ಮ, ಅಲ್ಲಿ ಹಸಿ ಮೇವು ಐತಂತೆ, ನನಗೂ ಒಂದು ಕೋಣೆ ಕೊಡ್ತಾರಂತೆ, ಅದರ ಜೊತೆ ನಾನೂ ಇರ್ತೀನಿ ಅಂದ. ಅವತ್ತು ಬೆಳಿಗ್ಗೆ ನಮ್ಮನೇಲೇ ಅಂಬಲಿ ಕುಡಿದ. ಹೊಸ ಟವಲ್ ಹೊದ್ದಿದ್ದ. ನೀನು ಬಂದು ಕಳಿಸ್ಕೊಡ್ತೀಯ ಅಂತ ಗಾಡಿ ನಿಲ್ಲಿಸ್ಕಂಡು ಕಾದ್ರು ಕಣೋ, ಅವನೂ ನನ್ನ ಮಗನೂ.”

ಅಂಜನ್ ಜೀಪಿನ ಬಾಗಿಲು ಹಿಡಿದುಕೊಂಡ. ಚಳ್ಳಕೆರೆಯ ಬಾಡಿಗೆ ಕೋಣೆಯಲ್ಲಿದ್ದ ಅವನು ಹಟ್ಟಿಗೆ ಹೋಗಿ ತಿಂಗಳ ಮೇಲಾಗಿತ್ತು. ಅಪ್ಪನನ್ನು ಉಳಿಸಿಕೊಳ್ಳಬೇಕೆಂದು ಹೊರಟವನು ಅಪ್ಪನನ್ನೇ ಒಂದು ಮಾತು ಕೇಳಿರಲಿಲ್ಲ.

ನಾಗರಾಜ ಅವನ ತೋಳು ಹಿಡಿದು ಒಳಗೆ ಕೂರಿಸಿದ. ಜೀಪು ಗೇಟು ದಾಟುವವರೆಗೂ ಕಾಟಮ್ಮ ಅಲ್ಲೇ ನಿಂತಿದ್ದಳು. ಆಮೇಲೆ ಹಿರಿಯರಿಬ್ಬರೂ ಜೊತೆಗೆ ಬಾ ಎಂದು ಕರೆದರು. ಆಕೆ ಬೇಡವೆಂದು ಕೈಯಾಡಿಸಿ, ಬಸ್ ನಿಲ್ದಾಣದ ಕಡೆ ಒಬ್ಬಳೇ ನಡೆದಳು.